ನೂರರಲ್ಲಿ ನಾಲ್ವರು – ಆ ನಾಲ್ವರು ಯಾರು?

ನಮ್ಮ ಕಡೆ ಸೀಟಿನ ಲೆಕ್ಕ ಅಜ್ಜ-ಅಜ್ಜಿಯರಿಗೂ ಬಾಯಿಪಾಠ. ಸಿಇಟಿ ಫಲಿತಾಂಶ ಬಂದ ದಿನ ಮೊಮ್ಮಗಳನ್ನು ಕೇಳುವ ಪ್ರಶ್ನೆ ಒಂದೇ: "ರ‍್ಯಾಂಕ್ ಎಷ್ಟು ಬಂತು ಪುಟ್ಟೀ?" ರ‍್ಯಾಂಕ್ ಗೊತ್ತಾದರೆ ಸಾಕು, ಪಕ್ಕದ ಮನೆಯ ಮೇಷ್ಟರು ಹೋದ ವರ್ಷದ ಕಟಾಫ್ ಪಟ್ಟಿಯ ಮೇಲೆ ಬೆರಳಿಟ್ಟು, "ಈ ಕಾಲೇಜು ಖಂಡಿತ, ಇದು ಎರಡನೇ ಸುತ್ತಿನಲ್ಲಿ ಸಿಗಬಹುದು, ಅದರ ಆಸೆ ಬಿಡಿ" ಎಂದು ಹೇಳಿಬಿಡುತ್ತಾರೆ. ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ. ಐಐಟಿಗಳದ್ದೂ ಇದೇ ಕ್ರಮ. ಯಾವ ಐಐಟಿಯ ಯಾವ ವಿಭಾಗದ ಬಾಗಿಲು ಎಷ್ಟನೇ ರ‍್ಯಾಂಕಿಗೆ ಮುಚ್ಚಿತು ಎಂಬುದು ಪ್ರತಿವರ್ಷ ಪ್ರಕಟವಾಗುತ್ತದೆ. ಪರೀಕ್ಷೆ ಕಷ್ಟ, ಲೆಕ್ಕ ಸುಲಭ.

ಅದೇ ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಓದುತ್ತಿದ್ದಾನೆ ಎನ್ನಿ. ಅಥವಾ ಮೈಸೂರಿನಲ್ಲೇ ಪಿಯುಸಿ ಓದುತ್ತಾ ಅಮೆರಿಕದ ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗಳ ಮೇಲೆ ಕಣ್ಣಿಟ್ಟಿದ್ದಾನೆ ಎನ್ನಿ. ಅಜ್ಜಿ ಕೇಳುತ್ತಾರೆ: "ಸೀಟು ಸಿಗುತ್ತಾ ಮಗಾ?" ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ನೂರಕ್ಕೆ ನಾಲ್ಕು ಜನಕ್ಕೆ ಸಿಗುತ್ತೆ ಅಜ್ಜಿ." "ಅದಿರಲಿ, ನಿನಗೆ ಸಿಗುತ್ತಾ?" ಇಲ್ಲಿಗೆ ಮಾತು ನಿಲ್ಲುತ್ತದೆ. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಹುಡುಗ ಹೇಳಿದ್ದು ಜನಜಂಗುಳಿಯ ಲೆಕ್ಕ, ಅವನ ಲೆಕ್ಕವಲ್ಲ. ಈ ಎರಡರ ನಡುವಿನ ಅಂತರ ತಿಳಿಯದೆ ಎಷ್ಟೋ ಮನೆಗಳಲ್ಲಿ ಮಕ್ಕಳು ನಿದ್ದೆಗೆಡುತ್ತಾರೆ, ದೊಡ್ಡವರು ಹಣ ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ವಾರ ಅಜ್ಜಿ-ಮೊಮ್ಮಕ್ಕಳು ಒಟ್ಟಿಗೆ ಕೂತು ಈ ಲೆಕ್ಕವನ್ನು ಬಿಡಿಸಿ ನೋಡೋಣ.

ಸೀಟು ಅಷ್ಟೇ, ಸಂತೆ ಬೇರೆ

ಮೊದಲು ಆ 'ನೂರಕ್ಕೆ ನಾಲ್ಕು' ಎಲ್ಲಿಂದ ಬಂತು ನೋಡಿ. 2020ರಲ್ಲಿ ಹಾರ್ವರ್ಡ್ ಸೇರಲು 40,248 ಮಂದಿ ಅರ್ಜಿ ಹಾಕಿದ್ದರು. ವಿಶ್ವವಿದ್ಯಾಲಯ ಪ್ರವೇಶ ಕೊಟ್ಟದ್ದು 1,980 ಮಂದಿಗೆ, ಅಂದರೆ ನೂರಕ್ಕೆ ಹತ್ತಿರಹತ್ತಿರ ಐವರು. ಮರುವರ್ಷ ಅರ್ಜಿ ಒಮ್ಮೆಲೇ 57,435ಕ್ಕೆ ಏರಿತು. ಪ್ರವೇಶ ಸಿಕ್ಕಿದ್ದು 1,968 ಮಂದಿಗೆ, ನೂರಕ್ಕೆ ಮೂರೂವರೆಗಿಂತ ಕಡಿಮೆ. ಒಂದೇ ವರ್ಷದಲ್ಲಿ ಜಗತ್ತಿನ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಜಾಣರಾದರೇ? ಇಲ್ಲ. ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದ್ದವು. 'ಸ್ಯಾಟ್' ಪರೀಕ್ಷೆಯ ಅಂಕ ಕೊಡಲೇಬೇಕೆಂಬ ನಿಯಮವನ್ನು ಸಡಿಲಿಸಿದರು. "ಹಾಗಿದ್ದರೆ ನಾನೂ ಒಂದು ಅರ್ಜಿ ಹಾಕಿಬಿಡುತ್ತೇನೆ" ಎಂದವರು ಸಾವಿರಾರು. ಆಮೇಲೆ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದರು. 2025ರಲ್ಲಿ ಸೇರುವವರ ಅರ್ಜಿ 47,893ಕ್ಕೆ ಇಳಿಯಿತು, ಪ್ರವೇಶ 2,003 ಮಂದಿಗೆ ಸಿಕ್ಕಿತು, ಪ್ರಮಾಣ ಮತ್ತೆ ನಾಲ್ಕರ ಮೇಲೆ ಬಂತು.

ಮಕ್ಕಳೇ, ಗಮನಿಸಿದಿರಾ? ಮೇಲಿನ ಸಂಖ್ಯೆ ಎಲ್ಲ ವರ್ಷವೂ ಎರಡು ಸಾವಿರದ ಆಸುಪಾಸು. ಕುಣಿದಾಡಿದ್ದು ಕೆಳಗಿನ ಸಂಖ್ಯೆ. ಭಿನ್ನರಾಶಿಯ ಪಾಠದಲ್ಲಿ ಛೇದ ದೊಡ್ಡದಾದರೆ ಬೆಲೆ ಕಡಿಮೆಯಾಗುತ್ತದೆ ಎಂದು ಕಲಿತಿದ್ದೀರಲ್ಲ, ಅದೇ ಇದು.

ನಮ್ಮ ಐಐಟಿಗಳಿಗೂ ಇದನ್ನೇ ಅನ್ವಯಿಸಿ. 2024ರಲ್ಲಿ 23 ಐಐಟಿಗಳಲ್ಲಿ ಇದ್ದ ಸೀಟು 17,740. ಜೆಇಇ ಮೇನ್ ಬರೆದವರು ಸುಮಾರು 14 ಲಕ್ಷ. ಹಾಗೆ ನೋಡಿದರೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಅದರಲ್ಲಿ ಆಯ್ದು ಬಂದು ಅಡ್ವಾನ್ಸ್ಡ್ ಪರೀಕ್ಷೆಯ ಎರಡೂ ಪತ್ರಿಕೆ ಬರೆದವರು 1,80,200 ಮಂದಿ. ಹೀಗೆ ನೋಡಿದರೆ ನೂರಕ್ಕೆ ಹತ್ತು. ಎರಡೂ ನಿಜ. ಯಾವ ಸಂತೆಯಲ್ಲಿ ನಿಂತು ಎಣಿಸಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸಂತೆಯ ಲೆಕ್ಕದಲ್ಲಿ ಹಾರ್ವರ್ಡ್‌ಗಿಂತ ಐಐಟಿ ಕಷ್ಟ ಎಂದು ಯಾರಾದರೂ ಎದೆ ತಟ್ಟಿಕೊಂಡರೆ ನಕ್ಕು ಸುಮ್ಮನಿರಿ. ಅದು ಹೋಲಿಕೆಯೇ ಅಲ್ಲ.

ಈ ಶೇಕಡಾವಾರು ಲೆಕ್ಕ ಮಕ್ಕಳನ್ನು ಸುಮ್ಮನೆ ಹೆದರಿಸುತ್ತದೆ ಎಂಬುದು ವಿಶ್ವವಿದ್ಯಾಲಯಗಳಿಗೂ ಗೊತ್ತು. 2018ರಲ್ಲಿ ಸ್ಟ್ಯಾನ್‌ಫರ್ಡ್, ಪ್ರವೇಶದ ಹೊತ್ತಿನಲ್ಲಿ ಈ ಅಂಕಿಯನ್ನು ಡಂಗುರ ಸಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಒಳ್ಳೆಯ ಕೆಲಸ. ಉಳಿದವರೂ ಅದನ್ನು ಅನುಸರಿಸಬಹುದಿತ್ತು.

ಕೋರ್ಟಿನಲ್ಲಿ ಬಿಚ್ಚಿಕೊಂಡ ಕಡತ

ಪ್ರವೇಶದ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ಬಹುಕಾಲ ಹೊರಗಿನವರಿಗೆ ತಿಳಿದಿರಲಿಲ್ಲ. 2014ರಲ್ಲಿ ಹಾರ್ವರ್ಡ್ ಮೇಲೆ ಒಂದು ಮೊಕದ್ದಮೆ ಬಿತ್ತು. ಏಷ್ಯಾ ಮೂಲದ ಮಕ್ಕಳಿಗೆ, ಅಂದರೆ ಭಾರತ ಮೂಲದವರೂ ಸೇರಿದಂತೆ, ಅನ್ಯಾಯವಾಗುತ್ತಿದೆ ಎಂಬುದು ದೂರು. 2018ರಲ್ಲಿ ಬಾಸ್ಟನ್‌ನಲ್ಲಿ ವಿಚಾರಣೆ ನಡೆದಾಗ ಒಳಗಿನ ಕಡತಗಳೆಲ್ಲ ಹೊರಗೆ ಬಂದವು.

ಅದರಲ್ಲಿದ್ದ ಒಂದು ವರ್ಷದ ಅಂಕಿ ಕೇಳಿ. 2015ರಲ್ಲಿ ಸೇರುವ ತಂಡಕ್ಕೆ ಅಮೆರಿಕದ ಒಳಗಿನಿಂದಲೇ ಸುಮಾರು 26,000 ಅರ್ಜಿಗಳು ಬಂದಿದ್ದವು. ತರಗತಿಯಲ್ಲಿ ಇದ್ದ ಜಾಗ ಸುಮಾರು 1,600. ಅರ್ಜಿ ಹಾಕಿದವರಲ್ಲಿ ಸ್ಯಾಟ್ ಗಣಿತದಲ್ಲಿ 800ಕ್ಕೆ 800 ತೆಗೆದವರು ಸುಮಾರು 3,500 ಮಂದಿ. ಭಾಷೆಯ ಭಾಗದಲ್ಲಿ ಪೂರ್ಣ ಅಂಕ ಬಂದವರು ಸುಮಾರು 2,700. ಶಾಲೆಯ ಅಂಕಗಳಲ್ಲಿ ಒಂದಿಷ್ಟೂ ಕಳೆದುಕೊಳ್ಳದವರು 8,000ಕ್ಕೂ ಹೆಚ್ಚು.

ತಾತಂದಿರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಂಟು ಸಾವಿರ ಮಕ್ಕಳು ಶಾಲೆಗೇ ಮೊದಲು. ಜಾಗ ಒಂದು ಸಾವಿರದ ಆರುನೂರು. ಬೇರೇನನ್ನೂ ನೋಡದೆ ಈ ಮಕ್ಕಳನ್ನಷ್ಟೇ ಕರೆದರೂ ಐವರಲ್ಲಿ ನಾಲ್ವರು ಮನೆಗೆ ಹೋಗಬೇಕು. "ನಮ್ಮ ಹುಡುಗನಿಗೆ ಎಲ್ಲದರಲ್ಲೂ ನೂರಕ್ಕೆ ನೂರು, ಆದರೂ ಕೊಡಲಿಲ್ಲವಂತೆ, ಏನೋ ಮೋಸ ನಡೆದಿದೆ" ಎಂದು ಮದುವೆ ಮನೆಯಲ್ಲಿ ಯಾರಾದರೂ ಹೇಳುವಾಗ ಈ ಅಂಕಿ ನೆನಪಿರಲಿ. ಅಲ್ಲಿ ಅಂಕ ಗುಡಿಯ ಹೊರಪ್ರಾಕಾರದವರೆಗೆ ಕರೆದೊಯ್ಯುತ್ತದೆ. ಗರ್ಭಗುಡಿಯ ಬಾಗಿಲು ಅದರಿಂದ ತೆರೆಯುವುದಿಲ್ಲ.

ಮುಂದಿನದನ್ನೂ ಆ ಕಡತಗಳೇ ಹೇಳುತ್ತವೆ. ಒಂದೊಂದು ಅರ್ಜಿಯನ್ನೂ ಓದುವವರು ಓದು, ಓದಿನಾಚೆಯ ಚಟುವಟಿಕೆ, ಆಟ, ಗುಣಸ್ವಭಾವ ಹೀಗೆ ಬೇರೆಬೇರೆ ಸಾಲುಗಳಲ್ಲಿ 1ರಿಂದ 6ರವರೆಗೆ ಅಂಕ ಹಾಕುತ್ತಾರೆ. ನಮ್ಮಲ್ಲಿಯ ಹಾಗಲ್ಲ, ಅಲ್ಲಿ 1 ಎಂದರೆ ಅತ್ಯುತ್ತಮ. ಎಲ್ಲ ಅಂಕ ಪೂರ್ತಿ ಬಂದರೂ ಓದಿನ ಸಾಲಿನಲ್ಲಿ 1 ಸಿಗುವುದು ಅಪರೂಪ. ಅದಕ್ಕೆ ಆ ವಯಸ್ಸಿನಲ್ಲೇ ಸ್ವಂತದ್ದೆನ್ನುವ ಅಧ್ಯಯನ ಏನಾದರೂ ಇರಬೇಕು. ಕೊನೆಗೆ ಸುಮಾರು ನಲವತ್ತು ಜನರ ಸಮಿತಿ ಕೂತು ಬಹುಮತದಿಂದ ತೀರ್ಮಾನಿಸುತ್ತದೆ. ಗುಣಸ್ವಭಾವದ ಸಾಲಿನಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ಸರಾಸರಿ ಕಡಿಮೆ ಅಂಕ ಬೀಳುತ್ತಿತ್ತು ಎಂಬುದೇ ಆ ಮೊಕದ್ದಮೆಯ ದೊಡ್ಡ ಜಗಳ. ಕೆಳಗಿನ ಎರಡು ನ್ಯಾಯಾಲಯಗಳು ಹಾರ್ವರ್ಡ್ ಪರವಾಗಿ ನಿಂತವು. 2023ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಜನಾಂಗ ನೋಡಿ ಪ್ರವೇಶ ಕೊಡುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಇನ್ನೊಂದು ಸಂಗತಿ ಹೊರಬಿತ್ತು. ನನ್ನ ಮಟ್ಟಿಗೆ ಅದೇ ಮುಖ್ಯ. ಕ್ರೀಡಾ ತಂಡಕ್ಕೆಂದು ಮೊದಲೇ ಆರಿಸಿದ ಮಕ್ಕಳು, ಅಲ್ಲೇ ಓದಿದವರ ಮಕ್ಕಳು, ಡೀನ್ ವಿಶೇಷವಾಗಿ ಗಮನಿಸುವ ಪಟ್ಟಿಯವರು, ಅಲ್ಲಿಯ ಅಧ್ಯಾಪಕ-ಸಿಬ್ಬಂದಿಯ ಮಕ್ಕಳು, ಈ ನಾಲ್ಕು ಬಗೆಯವರು ಅರ್ಜಿದಾರರಲ್ಲಿ ನೂರಕ್ಕೆ ಐವರೂ ಇರಲಿಲ್ಲ. ಪ್ರವೇಶ ಸಿಕ್ಕವರಲ್ಲಿ ಮಾತ್ರ ನೂರಕ್ಕೆ ಮೂವತ್ತರಷ್ಟಿದ್ದರು!

ಇದರ ಪರಿಣಾಮವನ್ನು ಮಕ್ಕಳು ಸ್ಲೇಟಿನ ಮೇಲೆ ಮಾಡಿ ನೋಡಬಹುದು. ಎರಡು ಸಾವಿರ ಅರ್ಜಿ, ನೂರು ಸೀಟು ಎಂದುಕೊಳ್ಳಿ. ಹೊರಗೆ ಹೇಳುವ ಲೆಕ್ಕ ನೂರಕ್ಕೆ ಐದು. ಈಗ ವಿಶೇಷ ಗುಂಪಿನ ನೂರು ಅರ್ಜಿಗಳಿಗೆ ಮೂವತ್ತು ಸೀಟು ಹೋಯಿತು ಎನ್ನಿ. ಉಳಿದ 1,900 ಮಕ್ಕಳಿಗೆ ಉಳಿದದ್ದು ಎಪ್ಪತ್ತು. ಅವರ ಲೆಕ್ಕ ನೂರಕ್ಕೆ ನಾಲ್ಕೂ ಇಲ್ಲ. ಇದೇ ಸಾಮಾನ್ಯ ಮನೆಯ ಮಗುವಿನ ಸಾಲು. ಎಲ್ಲ ಕಡೆ ಹೀಗೆ ಎನ್ನಲಾಗದು. ಅಪ್ಪ-ಅಮ್ಮ ಅಲ್ಲೇ ಓದಿದ್ದರೆಂಬ ಕಾರಣಕ್ಕೆ ಎಂಐಟಿಯಲ್ಲಿ ರಿಯಾಯಿತಿ ಇಲ್ಲ. ಜಾನ್ಸ್ ಹಾಪ್ಕಿನ್ಸ್ ಕೂಡ ಅದನ್ನು ಕೈಬಿಟ್ಟಿದೆ.

ಮೇಳಕ್ಕೆ ಎಷ್ಟು ಜನ ಭಾಗವತರು ಬೇಕು?

ಅಂಕದ ನಂತರ ಏನನ್ನು ನೋಡುತ್ತಾರೆ ಎಂಬುದನ್ನು ಅರ್ಥಮಾಡಿಕೊಳ್ಳಲು ನಮ್ಮ ಯಕ್ಷಗಾನ ಮೇಳವನ್ನು ನೆನೆಯಿರಿ. ಯಜಮಾನರು ಈ ತಿರುಗಾಟಕ್ಕೆ ಕಲಾವಿದರನ್ನು ಸೇರಿಸಿಕೊಳ್ಳುತ್ತಿದ್ದಾರೆ. ಭಾಗವತರು ಬೇಕು, ಚೆಂಡೆ-ಮದ್ದಳೆಗೆ ಬೇಕು, ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಲ್ಲಕ್ಕೂ ಜನ ಬೇಕು. ಒಳ್ಳೆಯ ಕಂಠದ ಮೂವರು ಭಾಗವತರು ಈಗಾಗಲೇ ಸಿಕ್ಕಿದ್ದಾರೆ. ಆಗ ಅಷ್ಟೇ ಚೆನ್ನಾಗಿ ಹಾಡುವ ನಾಲ್ಕನೆಯವರು ಬಂದರೆ ಯಜಮಾನರು ಕೈಮುಗಿದು ಕಳಿಸುತ್ತಾರೆ. ಅದೇ ದಿನ ಬಂದ ಸಾಧಾರಣ ಮದ್ದಳೆಗಾರನಿಗೆ ವೀಳ್ಯ ಸಿಗಬಹುದು. ನಾಲ್ಕನೆಯ ಭಾಗವತರ ಕಂಠದಲ್ಲಿ ದೋಷವಿತ್ತೇ? ಇರಲಿಲ್ಲ. ಮೇಳಕ್ಕೆ ಆ ವರ್ಷ ಬೇಕಾದದ್ದು ಬೇರೆ ಇತ್ತು.

ಅಮೆರಿಕದ ಈ ವಿಶ್ವವಿದ್ಯಾಲಯಗಳು ಕಟ್ಟುವುದು ಇಂಥದೇ ಮೇಳ. ವಾದ್ಯವೃಂದಕ್ಕೆ ಜನ ಬೇಕು, ಗಣಿತಕ್ಕೆ ಬೇಕು, ಪ್ರಾಚೀನ ಭಾಷೆ ಓದುವವರು ಬೇಕು, ಹಳ್ಳಿಯಿಂದ ಬಂದವರು ಬೇಕು, ದೋಣಿ ಹುಟ್ಟು ಹಾಕುವವರು ಬೇಕು. ಈ ವರ್ಷ ಯಾವ ಜಾಗ ಖಾಲಿ ಇದೆ ಎಂಬುದು ಒಳಗಿನವರಿಗಷ್ಟೇ ಗೊತ್ತು. ಬೆಂಗಳೂರಿನಿಂದಲೋ ಬೇ ಏರಿಯಾದಿಂದಲೋ ಗಣಿತದಲ್ಲಿ ಗಟ್ಟಿಗ, ಕಂಪ್ಯೂಟರ್ ಓದುವ ಆಸೆ, ಜೊತೆಗೆ ಸ್ವಲ್ಪ ಪಿಟೀಲು, ಇಂಥ ಅರ್ಜಿ ಬಂದರೆ ಅದು ಬಹುಮಟ್ಟಿಗೆ ನಾಲ್ಕನೆಯ ಭಾಗವತರ ಅರ್ಜಿ. ಚೆನ್ನಾಗಿರುತ್ತದೆ, ಆದರೆ ಅಂಥವು ಬಹಳ. ಇದನ್ನು ಕೇಳಿ ಮಗುವಿಗೆ ಗಣಿತ ಬಿಡಿಸಿ ದೋಣಿ ಹತ್ತಿಸಬೇಡಿ. ನಾನು ಹೇಳುವುದು, ತೂಗುವ ತಕ್ಕಡಿಯ ಇನ್ನೊಂದು ತಟ್ಟೆ ನಮಗೆ ಕಾಣುವುದಿಲ್ಲ ಎಂದಷ್ಟೇ.

ಇದೇ ಕಾರಣಕ್ಕೆ "ನಿಮ್ಮ ಮಗಳಿಗೆ ಶೇಕಡಾ ಎಪ್ಪತ್ತು ಅವಕಾಶ ಇದೆ" ಎಂದು ಹೇಳುವ ಸಲಹೆಗಾರರನ್ನು ನಂಬಬಾರದು. ತಟ್ಟೆಯೇ ಕಾಣದೆ ತೂಕ ಹೇಗೆ ಹೇಳಿದರು? ಸೀಟು ಖಚಿತ ಎನ್ನುವವರಿಂದ ಇನ್ನೂ ದೂರ ಇರಿ. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ರಿಕ್ ಸಿಂಗರ್ ಎಂಬ ಸಲಹೆಗಾರನ ಜಾಲ ಸಿಕ್ಕಿಬಿತ್ತು. ಮುಂಬಾಗಿಲು, ಹಿಂಬಾಗಿಲು ಎರಡೂ ಅಲ್ಲದ 'ಪಕ್ಕದ ಬಾಗಿಲು' ತನ್ನಲ್ಲಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಪರೀಕ್ಷೆಯಲ್ಲಿ ಮೋಸ, ಆಟ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಲು ತರಬೇತುದಾರರಿಗೆ ಲಂಚ, ಹೀಗೆ ನಡೆದಿತ್ತು. ಐವತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಿತ್ತು. ಸಿರಿವಂತ ತಾಯ್ತಂದೆಯರು ಜೈಲಿಗೆ ಹೋದರು. ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷದ ಶಿಕ್ಷೆಯಾಯಿತು.

ಹುಬ್ಬಳ್ಳಿಯ ಸಾಲು, ನ್ಯೂಜೆರ್ಸಿಯ ಸಾಲು

ಒಂದೇ ಮನೆತನದ ಇಬ್ಬರು ಮೊಮ್ಮಕ್ಕಳು, ಒಂದೇ ಅಂಕ. ಒಬ್ಬಳು ನ್ಯೂಜೆರ್ಸಿಯಲ್ಲಿ ಹುಟ್ಟಿದವಳು, ಇನ್ನೊಬ್ಬಳು ಹುಬ್ಬಳ್ಳಿಯವಳು. ಇಬ್ಬರೂ ಎಂಐಟಿಗೆ ಅರ್ಜಿ ಹಾಕಿದರೆ ನಿಲ್ಲುವುದು ಬೇರೆಬೇರೆ ಸಾಲಿನಲ್ಲಿ. ಎಂಐಟಿಯ ಪದವಿ ತರಗತಿಗಳಲ್ಲಿ ವಿದೇಶಿ ಮಕ್ಕಳ ಸಂಖ್ಯೆಗೆ ಮಿತಿ ಇದೆ. ಒಟ್ಟು ಅರ್ಜಿದಾರರಲ್ಲಿ ನೂರಕ್ಕೆ ಸುಮಾರು ನಾಲ್ಕೂವರೆ ಮಂದಿಗೆ ಪ್ರವೇಶ ಸಿಗುವಾಗ ವಿದೇಶಿ ಅರ್ಜಿದಾರರಲ್ಲಿ ಅದು ಎರಡರ ಆಸುಪಾಸು. ಇಬ್ಬರನ್ನು ಹೋಲಿಸಿ "ನೋಡು, ಅವಳಿಗೆ ಸಿಕ್ಕಿತು" ಎನ್ನುವ ಮೊದಲು ಇದು ತಿಳಿದಿರಬೇಕು.

ಹುಬ್ಬಳ್ಳಿಯ ಹುಡುಗಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಹಣ ಎಲ್ಲಿಂದ? ವಿದ್ಯಾರ್ಥಿವೇತನ ಕೇಳಿದರೆ ಸೀಟು ತಪ್ಪುತ್ತದೆಯೇ? ಇದಕ್ಕೆ ಉತ್ತರ ಕಾಲೇಜಿನಿಂದ ಕಾಲೇಜಿಗೆ ಬೇರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಸಂಸ್ಥೆಗಳು ವಿದೇಶಿ ಮಕ್ಕಳ ವಿಷಯದಲ್ಲೂ ಮನೆಯ ಹಣಕಾಸನ್ನು ನೋಡದೆ ಪ್ರವೇಶ ನಿರ್ಧರಿಸುತ್ತವೆ. ಸೀಟು ಕೊಟ್ಟ ಮೇಲೆ ಕುಟುಂಬದಿಂದ ಆಗದಷ್ಟನ್ನು ತಾವೇ ತುಂಬುತ್ತವೆ. 2025ರಿಂದ ಹಾರ್ವರ್ಡ್, ವರ್ಷಕ್ಕೆ ಒಂದು ಲಕ್ಷ ಡಾಲರ್‌ವರೆಗೆ ಆದಾಯವಿರುವ, ಆಸ್ತಿಯೂ ಸಾಧಾರಣವಾಗಿರುವ ಮನೆಗಳ ಮಕ್ಕಳಿಗೆ ಊಟ-ವಸತಿ ಸೇರಿ ಎಲ್ಲವನ್ನೂ ಉಚಿತ ಮಾಡಿದೆ. ನಮ್ಮ ಊರಿನ ಬಹುಪಾಲು ಸಂಬಳದಾರರ ಆದಾಯ ಅದಕ್ಕಿಂತ ಬಹಳ ಕೆಳಗೇ. ಹಾಗಾಗಿ "ಹಾರ್ವರ್ಡ್ ಬರೀ ಶ್ರೀಮಂತರಿಗೆ" ಎಂಬ ಮಾತು ಶುಲ್ಕದ ಮಟ್ಟಿಗೆ ಸುಳ್ಳು. ಉಳಿದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ವಿದೇಶಿ ವಿದ್ಯಾರ್ಥಿ ದೊಡ್ಡ ಮೊತ್ತ ಕೇಳಿದರೆ ಅವಕಾಶ ಕುಗ್ಗುತ್ತದೆ. ಅರ್ಜಿ ಹಾಕುವ ಮುನ್ನವೇ ಒಂದೊಂದು ಕಾಲೇಜಿನ ನಿಯಮವನ್ನೂ ಓದಿಕೊಳ್ಳಬೇಕು.

ಪ್ರವೇಶದ ಮಟ್ಟಿಗೆ ಆ ಮಾತು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ರಾಜ್ ಚೆಟ್ಟಿ ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು 2023ರಲ್ಲಿ ಅಮೆರಿಕದ ಅಗ್ರ ಹನ್ನೆರಡು ಕಾಲೇಜುಗಳ ದಾಖಲೆ ಪರಿಶೀಲಿಸಿದರು. ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದ ಮಕ್ಕಳಲ್ಲಿ, ಮಧ್ಯಮ ವರ್ಗದವರಿಗಿಂತ ಅತಿ ಶ್ರೀಮಂತ ಶೇಕಡಾ ಒಂದರ ಮನೆಯವರು ಅಲ್ಲಿ ಸೇರುವ ಸಂಭವ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡಿತು. ಇದು ಅಮೆರಿಕದ ಒಳಗಿನ ಮಕ್ಕಳ ಲೆಕ್ಕ.

ಇಪ್ಪತ್ತು ಚೀಟಿ ಎತ್ತಿದರೆ?

ಇಲ್ಲಿ ಜಾಣ ಮಕ್ಕಳು ಒಂದು ಉಪಾಯ ಹೂಡುತ್ತಾರೆ. "ಒಂದು ಕಡೆ ನೂರಕ್ಕೆ ಐದು ತಾನೇ? ಇಪ್ಪತ್ತು ಕಡೆ ಹಾಕಿದರೆ ನೂರಕ್ಕೆ ನೂರು!" ಕೂಡುವ ಲೆಕ್ಕ ಇಲ್ಲಿ ನಡೆಯದು. ನೂರು ಚೀಟಿಯ ಡಬ್ಬಿಯಲ್ಲಿ ಐದು ಗೆಲ್ಲುವ ಚೀಟಿ. ಒಮ್ಮೆ ಎತ್ತಿದರೆ ಸೋಲುವ ಸಂಭವ 0.95. ಅಂಥ ಹತ್ತು ಡಬ್ಬಿಗಳಲ್ಲಿ ಒಂದೊಂದು ಚೀಟಿ ಎತ್ತಿ ಹತ್ತರಲ್ಲೂ ಸೋಲುವ ಸಂಭವ, 0.95ನ್ನು ಹತ್ತು ಬಾರಿ ಗುಣಿಸಿದಷ್ಟು. ಮಾಡಿ ನೋಡಿ, ಸುಮಾರು 0.6 ಬರುತ್ತದೆ. ಅಂದರೆ ನೂರರಲ್ಲಿ ಅರವತ್ತು ಸಲ ಬರಿಗೈ. ಇಪ್ಪತ್ತು ಡಬ್ಬಿಗೆ ಕೈ ಹಾಕಿದರೂ ನೂರರಲ್ಲಿ ಮೂವತ್ತಾರು ಸಲ ಬರಿಗೈಯೇ.

ನಿಜವಾದ ಸ್ಥಿತಿ ಇದಕ್ಕಿಂತ ಕಷ್ಟ. ಡಬ್ಬಿಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ ಈ ಗುಣಾಕಾರ ಸರಿ. ಇಲ್ಲಿ ಹಾಗಿಲ್ಲ. ಅದೇ ಅಂಕ, ಅದೇ ಪ್ರಬಂಧ, ಅದೇ ಮೇಷ್ಟರ ಪತ್ರ ಎಲ್ಲ ಕಡೆಗೂ ಹೋಗುತ್ತದೆ. ಒಂದು ಕಡೆ ಸಪ್ಪೆ ಎನಿಸಿದ ಅರ್ಜಿ ಇನ್ನೊಂದು ಕಡೆಯೂ ಸಪ್ಪೆ ಎನಿಸುವುದೇ ಹೆಚ್ಚು. 'ಕಾಮನ್ ಆಪ್' ಎಂಬ ಒಂದೇ ಅರ್ಜಿಯಲ್ಲಿ ಇಪ್ಪತ್ತು ಕಾಲೇಜುಗಳವರೆಗೆ ಹಾಕಬಹುದು. ಹಾಗೆಂದು ಅತಿ ಕಷ್ಟದ ಇಪ್ಪತ್ತನ್ನೇ ಆರಿಸಿದರೆ ಉಳಿಯುವುದು ಖರ್ಚಷ್ಟೇ. ಹಾರ್ವರ್ಡ್, ಎಂಐಟಿಗಳಲ್ಲಿ ಒಂದೊಂದು ಅರ್ಜಿಗೂ ಶುಲ್ಕ ಕಟ್ಟಬೇಕು. ಕಟ್ಟಲಾಗದವರು ಕೇಳಿದರೆ ವಿನಾಯಿತಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ಮನೆಯಲ್ಲೇ ತೂಗುವುದು ಹೇಗೆ?

ಹಾಗಿದ್ದರೆ ಅಜ್ಜಿಯ ಪ್ರಶ್ನೆಗೆ ಉತ್ತರವೇ ಇಲ್ಲವೇ? ಅರ್ಧ ಉತ್ತರ ಇದೆ. ಅಮೆರಿಕದ ಬಹುತೇಕ ಕಾಲೇಜುಗಳು ಪ್ರತಿವರ್ಷ 'ಕಾಮನ್ ಡೇಟಾ ಸೆಟ್' ಎಂಬ ಒಂದು ಪಟ್ಟಿ ಪ್ರಕಟಿಸುತ್ತವೆ. ನಮ್ಮ ಕಟಾಫ್ ಪಟ್ಟಿಗೆ ಹತ್ತಿರದ ವಸ್ತು ಅದೇ. ಅದರಲ್ಲಿ ಎರಡು ಜಾಗ ನೋಡಬೇಕು. ಒಂದು, ಸೇರಿದ ಮಕ್ಕಳ ಸ್ಯಾಟ್ ಅಂಕ. ಕೆಳಗಿನ ಕಾಲುಭಾಗ ಎಲ್ಲಿ ಮುಗಿಯಿತು, ಮೇಲಿನ ಕಾಲುಭಾಗ ಎಲ್ಲಿ ಶುರುವಾಯಿತು ಎಂದು ಎರಡು ಅಂಕಿ ಕೊಟ್ಟಿರುತ್ತಾರೆ. ಎಂಐಟಿಯಲ್ಲಿ ಗಣಿತಕ್ಕೆ ಅದು 780 ಮತ್ತು 800. ಅಂದರೆ ಅಂಕ ಕೊಟ್ಟು ಸೇರಿದ ನಾಲ್ವರಲ್ಲಿ ಮೂವರಿಗೆ 780 ಅಥವಾ ಹೆಚ್ಚು. ಮಗುವಿನ ಅಂಕ ಕೆಳಗಿನ ಅಂಕಿಗಿಂತಲೂ ಕೆಳಗಿದ್ದರೆ, ಬೇರೆ ಯಾವುದೋ ಅಸಾಧಾರಣ ಕಾರಣ ಇಲ್ಲದೆ ಆ ಬಾಗಿಲು ತೆರೆಯುವುದು ಕಷ್ಟ. ನಡುವೆ ಇದ್ದರೆ ಪ್ರಾಕಾರದೊಳಗೆ ಬಂದಂತೆ. 780ನ್ನು 800 ಮಾಡಲು ಮತ್ತೊಂದು ವರ್ಷ ಕೋಚಿಂಗ್‌ಗೆ ಸುರಿಯುವುದು ದಂಡ.

ಎರಡನೆಯದು, ಯಾವುದಕ್ಕೆ ಎಷ್ಟು ಬೆಲೆ ಎಂದು ಕಾಲೇಜೇ ಗುರುತು ಹಾಕಿರುವ ಕೋಷ್ಟಕ. ಅತಿ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ ಎಂಬ ನಾಲ್ಕು ಕಲಂ. ಕೆಲವು ಕಡೆ ಸ್ಯಾಟ್ ಅಂಕವೇ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾ ಸರ್ಕಾರಿ ವಿಶ್ವವಿದ್ಯಾಲಯಗಳಾದ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದವು ಅದನ್ನು ನೋಡುವುದೇ ಇಲ್ಲ.

ಪಟ್ಟಿಯಲ್ಲಿ ಸಿಗದ್ದು ಪ್ರಬಂಧ ಮತ್ತು ಪತ್ರ. ಪ್ರಬಂಧಕ್ಕೆ 650 ಪದಗಳ ಮಿತಿ. ದೊಡ್ಡವರು ತಿದ್ದಿ ತಿದ್ದಿ ಭಾಷಣ ಮಾಡಿಬಿಟ್ಟರೆ ಓದುವವರಿಗೆ ಗೊತ್ತಾಗಿಬಿಡುತ್ತದೆ, ದಿನವಿಡೀ ಅವರು ಅದನ್ನೇ ಓದುವವರು. ಶಿಫಾರಸು ಪತ್ರದಲ್ಲಿ ನಮ್ಮ ಮಕ್ಕಳು ಹೆಚ್ಚಾಗಿ ಹಿಂದೆ ಬೀಳುತ್ತಾರೆ. ಒಂದು ವಿಭಾಗದಲ್ಲಿ ಎಂಬತ್ತು ಮಕ್ಕಳಿರುವ ಕಾಲೇಜಿನಲ್ಲಿ ಉಪನ್ಯಾಸಕರು ಎಲ್ಲರಿಗೂ ಒಂದೇ ನಮೂನೆಯ ಪತ್ರಕ್ಕೆ ಸಹಿ ಹಾಕುತ್ತಾರೆ. ಒಂಬತ್ತನೇ ತರಗತಿಯಿಂದಲೇ ಒಬ್ಬಿಬ್ಬರು ಮೇಷ್ಟರ ಬಳಿ ಪ್ರಶ್ನೆ ಕೇಳುತ್ತಾ, ಪುಸ್ತಕ ಪಡೆಯುತ್ತಾ ಬೆಳೆದ ಮಗುವಿನ ಬಗ್ಗೆ ಬರೆಯಲು ಆ ಮೇಷ್ಟರಿಗೆ ಏನಾದರೂ ಇರುತ್ತದೆ. ಇನ್ನು ಚಟುವಟಿಕೆಗಳು. ಮೊದಲ ಪಿಯುಸಿಯಲ್ಲಿ ಹುಟ್ಟಿ ಎರಡನೆಯದರಲ್ಲಿ ಕಣ್ಮುಚ್ಚುವ 'ಸಮಾಜಸೇವಾ ಸಂಸ್ಥೆ'ಗಳನ್ನು ಮಕ್ಕಳ ಹೆಸರಿನಲ್ಲಿ ಕಟ್ಟಿಸುವ ವ್ಯಾಪಾರ ಈಗ ಜೋರಾಗಿದೆ. ಅದರ ಬದಲು ಊರಿನ ವಾಚನಾಲಯದಲ್ಲಿ ನಾಲ್ಕು ವರ್ಷ ಪ್ರತಿ ಭಾನುವಾರ ಪುಸ್ತಕ ಜೋಡಿಸಿದ ಹುಡುಗಿಯ ಬಗ್ಗೆ ನನಗಂತೂ ಹೆಚ್ಚು ವಿಶ್ವಾಸ.

ಇಷ್ಟು ತೂಗಿದ ಮೇಲೆ ಪಟ್ಟಿ ಮಾಡಬೇಕು. ಅತಿ ಕಷ್ಟದವು ಮೂರೋ ನಾಲ್ಕೋ ಇರಲಿ, ಆಸೆ ತಪ್ಪಲ್ಲ. ಮಗುವಿನ ಅಂಕ ಮೇಲಿನ ಕಾಲುಭಾಗದಲ್ಲಿ ಬರುವ, ಅರ್ಜಿದಾರರಲ್ಲಿ ಮೂರನೇ ಒಂದೋ ಅರ್ಧವೋ ಜನಕ್ಕೆ ಪ್ರವೇಶ ಕೊಡುವ ಕಾಲೇಜುಗಳು ಹೆಚ್ಚಿರಲಿ. ಸಿಗುವುದು ಬಹುತೇಕ ನಿಶ್ಚಿತ, ಹಣವೂ ಹೊಂದುತ್ತದೆ ಎನ್ನುವಂಥ ಎರಡು ಇರಲೇಬೇಕು. ನಮ್ಮ ಮಕ್ಕಳಿಗೆ ಆ ಎರಡು ಇಲ್ಲೇ, ಸಿಇಟಿ ಪಟ್ಟಿಯಲ್ಲೇ ಇರಬಹುದು. ಆ ಎರಡನ್ನು ಆರಿಸುವಾಗ ಬಹಳ ಯೋಚಿಸಬೇಕು, ಏಕೆಂದರೆ ಮಗು ಅಲ್ಲಿಗೇ ಹೋಗುವ ಸಾಧ್ಯತೆ ಹೆಚ್ಚು.

ಸಿಗದಿದ್ದರೆ

ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಕೆಲವು ದಶಕಗಳ ಹಿಂದೆ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ದೊಡ್ಡ ಕಾಲೇಜಿನಲ್ಲಿ ಓದಿದವರು ಮುಂದೆ ಹೆಚ್ಚು ಸಂಪಾದಿಸುತ್ತಾರೆ, ನಿಜ. ಅದು ಕಾಲೇಜಿನ ಮಹಿಮೆಯೋ, ಮಗುವಿನದೋ? ಹೆಚ್ಚುಕಡಿಮೆ ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ರೀತಿ ಸ್ವೀಕೃತರೋ ತಿರಸ್ಕೃತರೋ ಆದವರನ್ನು ಹೋಲಿಸಿದರು. ದೊಡ್ಡ ಹೆಸರಿನ ಕಾಲೇಜಿಗೆ ಹೋದವರ ಮತ್ತು ಹೋಗದವರ ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು. ಚೆಟ್ಟಿ ತಂಡದ ಅಧ್ಯಯನವೂ ಸರಾಸರಿ ಗಳಿಕೆಯ ಬಗ್ಗೆ ಇದನ್ನೇ ಹೇಳುತ್ತದೆ. ಆದರೆ ತೀರಾ ಮೇಲಿನ ಶೇಕಡಾ ಒಂದರ ಆದಾಯಕ್ಕೆ ಏರುವ ಸಂಭವವನ್ನು ಆ ಹನ್ನೆರಡು ಕಾಲೇಜುಗಳು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ ಎಂದೂ ಸೇರಿಸುತ್ತದೆ. ದೊಡ್ಡ ಹೆಸರಿಗೆ ಬೆಲೆಯೇ ಇಲ್ಲ ಎಂದು ಹೇಳಿದರೆ ಅದು ಸುಳ್ಳು ಸಮಾಧಾನ.

ನಮ್ಮ ಸಿ.ಎನ್.ಆರ್. ರಾವ್ ಅವರ ಕಥೆ ಅಜ್ಜಂದಿರಿಗೆ ನೆನಪಿರಬಹುದು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿ, ಬನಾರಸ್‌ನಲ್ಲಿ ಎಂ.ಎಸ್ಸಿ. ಓದಿದ ಬೆಂಗಳೂರಿನ ಹುಡುಗ. ಪಿಎಚ್.ಡಿ.ಗೆ ಎಂಐಟಿ, ಕೊಲಂಬಿಯಾ, ಪೆನ್ ಸ್ಟೇಟ್, ಪರ್ಡ್ಯೂ ನಾಲ್ಕೂ ಕಡೆಯಿಂದ ನೆರವು ಸಹಿತ ಕರೆ ಬಂದಿತ್ತು. ಅವರು ಆರಿಸಿಕೊಂಡದ್ದು ಪರ್ಡ್ಯೂ. 1958ರಲ್ಲಿ ಪಿಎಚ್.ಡಿ. ಮುಗಿಸಿದರು, ಮುಂದೆ ಭಾರತರತ್ನರಾದರು. ಪಿಎಚ್.ಡಿ. ಪ್ರವೇಶದ ರೀತಿ ಬೇರೆ, ಪದವಿ ಪ್ರವೇಶದ ರೀತಿ ಬೇರೆ, ಒಪ್ಪಿದೆ. ಆದರೂ ಇಂದು ಪದವಿ ತರಗತಿಗಳಿಗೆ ಅರ್ಜಿದಾರರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಪ್ರವೇಶ ಕೊಡುವ ಪರ್ಡ್ಯೂ ಹೆಸರು ಪಟ್ಟಿಯ ಕೆಳಗೆ ಕಂಡಾಗ ಮೂಗು ಮುರಿಯುವ ಮಾವಂದಿರಿಗೆ ಇದನ್ನು ಹೇಳಬಹುದು. ಅಲ್ಲಿಯೂ ಕಂಪ್ಯೂಟರ್ ವಿಜ್ಞಾನದಂಥ ವಿಭಾಗಗಳ ಬಾಗಿಲು ಇನ್ನೂ ಕಿರಿದು, ಅದನ್ನೂ ನೋಡಿಕೊಂಡೇ ಅರ್ಜಿ ಹಾಕಬೇಕು.

ಇನ್ನು ಫಲಿತಾಂಶದ ವೇಳೆ. ಎಂಐಟಿಯವರು ಗಣಿತದ ಹುಚ್ಚರು. 3.14 ಎಂಬ 'ಪೈ' ಬೆಲೆಗೆ ಹೊಂದುವಂತೆ ಮಾರ್ಚ್ 14ರಂದು, ಅದರ ಇಮ್ಮಡಿಯಾದ 6.28ಕ್ಕೆ ಹೊಂದುವಂತೆ ಸಂಜೆ 6 ಗಂಟೆ 28 ನಿಮಿಷಕ್ಕೆ ಫಲಿತಾಂಶ ಬಿಡುವುದು ಅವರ ರೂಢಿ. ಆಗ ನಮ್ಮಲ್ಲಿ ಮಾರ್ಚ್ 15ರ ಬೆಳಗಿನ ಜಾವ 3 ಗಂಟೆ 58 ನಿಮಿಷ. ಹಾರ್ವರ್ಡ್ ಮತ್ತು ಅದರ ಜೊತೆಯ ಐವಿ ಲೀಗ್ ಕಾಲೇಜುಗಳು ಮಾರ್ಚ್ ಕೊನೆಗೆ ಒಂದೇ ದಿನ, ನಮ್ಮ ಗಡಿಯಾರದಲ್ಲಿ ನಸುಕಿನ ನಾಲ್ಕೂವರೆಯ ಹೊತ್ತಿಗೆ ಹೇಳುತ್ತವೆ. ಯಾವ ಕಾಲೇಜಿಗೆ ಬರುತ್ತೇನೆಂದು ಮಕ್ಕಳು ಉತ್ತರ ಕೊಡಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯವಿರುತ್ತದೆ. ಮಗು ಆ ಜಾವದಲ್ಲಿ ಒಬ್ಬನೇ ಫೋನು ಹಿಡಿದು ಕೂತಿರುತ್ತಾನೆ. ಅಜ್ಜಿಯರು ಹೇಗೂ ಆ ಹೊತ್ತಿಗೆ ಎಚ್ಚರವಾಗಿರುತ್ತಾರೆ. ಎದ್ದು ಒಂದು ಲೋಟ ಕಾಫಿ ಕಾಯಿಸಿ ಪಕ್ಕದಲ್ಲಿ ಕೂತರೆ ಆಯಿತು, ಏನೂ ಕೇಳಬೇಕಾಗಿಲ್ಲ.